ಮನೆಯ ಪುಡಿ, ಮನೆಯ ಹಿಟ್ಟು

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ವಿದ್ಯೆಯ ಮಹಿಮೆಯನ್ನೋ ನಾಡುನುಡಿಯ ಅಭಿಮಾನವನ್ನೋ ಕುರಿತು ನಾಲ್ಕು ಮಾತು ಆಡುವುದು ವಾಡಿಕೆ. ನಾವೂ ಹಿಂದೆ ಹಲವು ಸಲ ಹಾಗೆಯೇ ಮಾಡಿದ್ದೇವೆ. ಈ ಸಲ ಖಾರದ ಪುಡಿಯನ್ನು ಕುರಿತು ಮಾತನಾಡಬೇಕೆಂದು ಬಂದಿದ್ದೇವೆ. ಮಾಸ್ತರರಿಗೆ ಅಡಿಗೆಮನೆಯ ಗೊಡವೆ ಏಕೆ ಎಂದು ಕೆಲವರು ನಕ್ಕಾರು. ನಗಲಿ. ಈ ವಿಷಯವು ನಮಗೆ ಬಂದದ್ದು ಅಡಿಗೆಮನೆಯಿಂದ ಅಲ್ಲ, ವರ್ಗದಿಂದ.

ಕಳೆದ ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರ, ವಹಿಗಳಿಲ್ಲದೆ ವರ್ಗಕ್ಕೆ ಬರುತ್ತಿದ್ದ ಒಬ್ಬ ಹುಡುಗನ ಮನೆಗೆ ನಾವು ಹೋಗಿದ್ದೆವು. ತಾಯಿ ಹೊಸ್ತಿಲ ಬಳಿ ಬೀಡಿ ಕಟ್ಟುತ್ತ ಕುಳಿತಿದ್ದರು. ನಾವು ಮಾತನಾಡುತ್ತಿರುವಂತೆಯೇ ಹುಡುಗನು ಓಣಿಯ ಅಂಗಡಿಗೆ ಓಡಿಹೋಗಿ ಐದು ರೂಪಾಯಿಯ ಖಾರದ ಪುಡಿಯ ಪೊಟ್ಟಣವೊಂದನ್ನು ತಂದನು. ದಿನಾಲೂ ಒಂದು ಪೊಟ್ಟಣ ಬೇಕಾಗುತ್ತದೆಯೆ ಎಂದು ಕೇಳಿದೆವು. ಹೌದೆಂದನು. ಅಷ್ಟೇ ಅಲ್ಲ, ಬಣ್ಣದ ಆಸೆಗೆ ಖಾಲಿ ಪೊಟ್ಟಣಗಳನ್ನೆಲ್ಲ ಅವನು ಒಂದು ಡಬ್ಬಿಯಲ್ಲಿ ಕೂಡಿಹಾಕಿದ್ದನು. ಅವನ್ನೇ ಎಣಿಸಲು ಹೇಳಿ, ಅಲ್ಲಿಯೇ ಒಂದು ಲೆಕ್ಕ ಮಾಡಿಸಿದೆವು.

ಮಕ್ಕಳೆ, ನೀವೂ ಈಗ ಅದೇ ಲೆಕ್ಕವನ್ನು ಮನಸ್ಸಿನಲ್ಲಿ ಮಾಡಿರಿ. ಐದು ರೂಪಾಯಿಯ ಪೊಟ್ಟಣದಲ್ಲಿ 8 ಗ್ರಾಮು ಪುಡಿ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಕಿಲೋ ಆಗಬೇಕಾದರೆ 125 ಪೊಟ್ಟಣ ಬೇಕು; ಅಂದರೆ 625 ರೂಪಾಯಿ. ಇನ್ನೊಂದು ಕಡೆಗೆ, ಪೇಟೆಯಲ್ಲಿ ಒಣ ಮೆಣಸಿನಕಾಯಿ ಕಿಲೋಗೆ 300 ರೂಪಾಯಿ, ಕುಟ್ಟಿಸುವ ಕೂಲಿ 40 ರೂಪಾಯಿ ಎಂದು ಹಿಡಿಯಿರಿ. ತೊಟ್ಟು ಮತ್ತು ಕೆಟ್ಟ ಕಾಯಿ ತೆಗೆದ ಮೇಲೆ ಕಿಲೋದಲ್ಲಿ 850 ಗ್ರಾಮು ಪುಡಿ ಉಳಿಯಿತೆಂದರೆ, ಮನೆಯ ಪುಡಿಗೆ ಕಿಲೋಗೆ 400 ರೂಪಾಯಿ ಬಿತ್ತು. ತಿಂಗಳಿಗೆ 240 ಗ್ರಾಮು ಬಳಸುವ ಮನೆಗೆ ಪೊಟ್ಟಣದ ಖರ್ಚು 150 ರೂಪಾಯಿ, ಮನೆಯ ಪುಡಿಯ ಖರ್ಚು 96 ರೂಪಾಯಿ. ತಿಂಗಳಿಗೆ 54, ವರ್ಷಕ್ಕೆ 648 ರೂಪಾಯಿಯ ಅಂತರ. ಇವು ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳು. ಪೇಟೆಯ ದರ ಏರಿಳಿಯುತ್ತದೆ. ನಿಮ್ಮ ಓಣಿಯ ಅಂಗಡಿಯ ದರವನ್ನೂ ಪೊಟ್ಟಣದ ಮೇಲೆ ಬರೆದ ತೂಕವನ್ನೂ ಹಾಕಿಕೊಂಡು ನೀವೇ ಮಾಡಿ ನೋಡಬೇಕು. ಇದು ಖಾರ ಒಂದರ ಲೆಕ್ಕ. ಅರಿಸಿನ, ಸಾರಿನ ಪುಡಿ, ಮಸಾಲೆ ಇವೆಲ್ಲ ಬೇರೆ.

ಲೆಕ್ಕ ಮುಗಿದ ಮೇಲೆ ನಾವು ದೊಡ್ಡ ಉಪದೇಶವನ್ನೇ ಮಾಡಿದೆವೆನ್ನಬೇಕು. ಆ ತಾಯಿ ಎಲ್ಲವನ್ನೂ ಕೇಳಿ, ಕೈಯ ಕೆಲಸ ಬಿಡದೆ ಹೇಳಿದರು: "ಮಾಸ್ತರ, ನಿಮ್ಮ ಲೆಕ್ಕ ಖರೆ ಅದ. ಆದ್ರ ಒಮ್ಮೆಲೆ ಕಿಲೋ ಮೆಣಸಿನಕಾಯಿ ತರಾಕ ರೊಕ್ಕ ಎಲ್ಲಿಂದ ತರೂಣ್ರಿ? ಐದು ರೂಪಾಯಿ ಕೈಯಾಗ ಇದ್ದ ದಿನ ಐದು ರೂಪಾಯಿದು ತರ್ತೀವಿ."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉಳ್ಳವರು ಮೂಟೆಯಾಗಿ ಕೊಂಡು ಅಗ್ಗಕ್ಕೆ ಉಣ್ಣುತ್ತಾರೆ. ಇಲ್ಲದವರು ಚಿಟಿಕೆಯಾಗಿ ಕೊಂಡು ತುಟ್ಟಿಗೆ ಉಣ್ಣುತ್ತಾರೆ. ಇದರಲ್ಲಿ ಆ ತಾಯಿಯ ದುಂದುಗಾರಿಕೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಮಿತವ್ಯಯದ ಉಪದೇಶ ಮಾಡುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ ಎಂದು ನಮಗೆ ಆ ದಿನ ಅನಿಸಿತು.

ಮರುವಾರ ಆ ಓಣಿಯ ಐದು ಮನೆಯವರು ಕೂಡಿದರು. ನಮ್ಮ ಸೊಲ್ಲಾಪುರ-ಅಕ್ಕಲಕೋಟೆಯ ಕಡೆಗೆ ಹೆಣ್ಣುಮಕ್ಕಳು ಭಿಶಿ ಹಾಕುವುದು ಹೊಸದೇನೂ ಅಲ್ಲ. ಅದೇ ಪದ್ಧತಿಯಲ್ಲಿ ಮನೆಗೆ ವಾರಕ್ಕೆ ಇಪ್ಪತ್ತು ರೂಪಾಯಿಯಂತೆ ತೆಗೆದಿಡಲು ಆರಂಭಿಸಿದರು. ಎಂಟು ವಾರಕ್ಕೆ ಎಂಟು ನೂರು ರೂಪಾಯಿ ಕೂಡಿತು. ಮೆಣಸಿನಕಾಯಿ, ಹವೀಜ, ಜೀರಿಗೆ ತಂದು, ಒಂದೇ ಸಲ ಗಿರಣಿಗೆ ಒಯ್ದು, ಶಾಲೆಯ ತಕ್ಕಡಿಯಲ್ಲಿ ತೂಗಿ ಹಂಚಿಕೊಂಡರು. ತಕ್ಕಡಿ ಹಿಡಿದವನು ಆ ಹುಡುಗನೇ. ಅವನ ಗಣಿತವೂ ಈಚೆಗೆ ಸುಧಾರಿಸಿದೆ. ಅದರ ಶ್ರೇಯಸ್ಸು ಗಣಿತದ ಶಿಕ್ಷಕರಿಗೆ ಸಲ್ಲಬೇಕೋ ಮೆಣಸಿನಕಾಯಿಗೆ ಸಲ್ಲಬೇಕೋ ನಾವು ಹೇಳಲಾರೆವು.

ಇನ್ನು ಮಾಡುವ ಕ್ರಮಕ್ಕೆ ಬರೋಣ. ಮಸಾಲೆ ಖಾರವನ್ನು ಹಿರಿಯರು ಬೇಸಿಗೆಯಲ್ಲಿಯೇ ಮಾಡುತ್ತಿದ್ದರು. ಹೊಸ ಮೆಣಸಿನಕಾಯಿ ಪೇಟೆ ತುಂಬುವುದು ಆ ಹೊತ್ತಿಗೆ, ಬಿಸಿಲೂ ಚೆನ್ನಾಗಿರುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂಬುದು ಎಲ್ಲರಿಗೂ ಗೊತ್ತು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸುಕ್ಕುಗಟ್ಟಿದ ಮೈ, ಕಡು ಕೆಂಪು ಬಣ್ಣ, ಸೌಮ್ಯವಾದ ಖಾರ ಇದರ ಲಕ್ಷಣ. ಬ್ಯಾಡಗಿ 300 ಗ್ರಾಮು, ಖಾರದ ಕಾಯಿ 200 ಗ್ರಾಮು, ಹವೀಜ 150, ಒಣಕೊಬ್ಬರಿ 100, ಜೀರಿಗೆ 50, ಎಳ್ಳು 50, ಅರಿಸಿನ 15, ಮೆಂತೆ 10, ಚಕ್ಕೆ 10, ಕಲ್ಲುಹೂ 10, ಲವಂಗ 5, ಇಂಗು 5 ಗ್ರಾಮು, ಉಪ್ಪು 75 ಗ್ರಾಮು: ಇದು ನಮ್ಮ ಮನೆಯ ಪ್ರಮಾಣ. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು, ಏಕೆಂದರೆ ಹವೀಜ ಹುರಿಯುವಷ್ಟರಲ್ಲಿ ಎಳ್ಳು ಕರಿದಾಗಿರುತ್ತದೆ. ಮೆಂತೆ ತುಸು ಹೆಚ್ಚು ಹುರಿದರೂ ಇಡೀ ಪುಡಿ ಕಹಿಯಾಗುತ್ತದೆ. ಹಲವರು ಉಳ್ಳಾಗಡ್ಡಿ, ಬೆಳ್ಳುಳ್ಳಿ ಕರಿದು ಇದರಲ್ಲಿಯೇ ಕುಟ್ಟುತ್ತಾರೆ. ರುಚಿ ನಿಜ, ಆದರೆ ಅದರಲ್ಲಿ ತೇವ ಉಳಿದರೆ ಪುಡಿ ಬಾಳುವುದಿಲ್ಲ. ಅವನ್ನು ಅಡಿಗೆ ಮಾಡುವಾಗ ಒಗ್ಗರಣೆಗೆ ಹಾಕಿಕೊಳ್ಳುವುದು ಲೇಸು ಎಂದು ನಮ್ಮ ಅಭಿಪ್ರಾಯ.

ತೇವದ ಮಾತು ಬಂತು. ಒಂದು ವರ್ಷ ನಮ್ಮ ಮನೆಯಲ್ಲಿಯೇ, ಮೋಡದ ದಿನವೆಂದು ಕಾಯದೆ, ಅರೆ ಒಣಗಿದ ಮೆಣಸಿನಕಾಯಿಯನ್ನು ಕುಟ್ಟಿಸಿ, ಗಿರಣಿಯಿಂದ ಬಂದ ಬಿಸಿ ಪುಡಿಯನ್ನು ಹಾಗೆಯೇ ಡಬ್ಬಿಗೆ ತುಂಬಿದೆವು. ಅವಸರ ನಮ್ಮದೇ. ಬಿಸಿ ಪುಡಿಯ ಆವಿ ಮುಚ್ಚಳದೊಳಗೆ ನೀರಾಗಿ ಇಳಿದು, ತಿಂಗಳೊಳಗೆ ಎರಡು ಕಿಲೋ ಖಾರಕ್ಕೆ ಬೂಷ್ಟು ಹಿಡಿದು ಎಲ್ಲವನ್ನೂ ಚೆಲ್ಲಬೇಕಾಯಿತು. ಆ ವರ್ಷದ ಉಳಿತಾಯ ಅಲ್ಲಿಗೇ ಮುಗಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟು: ಮುರಿದರೆ ಪಟ್ಟನೆ ಮುರಿಯುವ ಮೆಣಸಿನಕಾಯಿಯೇ ಗಿರಣಿಗೆ ಹೋಗಬೇಕು, ಪುಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹೋಗಬೇಕು, ಒದ್ದೆ ಚಮಚ ಡಬ್ಬಿಯ ಹತ್ತಿರವೂ ಸುಳಿಯಬಾರದು. ತಿಂಗಳಿಗೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಮುಚ್ಚಿಯೇ ಇಡಬೇಕು. ಕುಟ್ಟಿದ ಮೇಲೆ ಮಸಾಲೆಯ ಸುವಾಸನೆಯ ಎಣ್ಣೆ ಹಾರಿಹೋಗುತ್ತ ಬರುತ್ತದೆ. ಆದ್ದರಿಂದ ಜೀರಿಗೆ, ಲವಂಗ, ಚಕ್ಕೆಗಳನ್ನು ಇಡಿಯಾಗಿ ಇಟ್ಟುಕೊಂಡು ಬೇಕಾದಾಗ ಕುಟ್ಟುವುದೇ ಮೇಲು. ಕೊಬ್ಬರಿ ಹಾಕಿದ ಪುಡಿ ಬೇಗನೆ ಕಮಟಾಗುತ್ತದೆ. ಬಹಳ ದಿನ ಇಡುವ ಖಾರಕ್ಕೆ ಕೊಬ್ಬರಿಯನ್ನು ಬಿಡಬಹುದು.

ಶೇಂಗಾ ಚಟ್ನಿಯ ವಿಷಯ ಸೊಲ್ಲಾಪುರದವರಿಗೆ ಹೇಳುವುದು ಸಮುದ್ರಕ್ಕೆ ಉಪ್ಪು ಒಯ್ದಂತೆ. ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಹತ್ತು-ಹನ್ನೆರಡು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ಉಪ್ಪು ಕೂಡಿಸಿ ಒಳಕಲ್ಲಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟುವುದು. ಬೆಳ್ಳುಳ್ಳಿ ಹಸಿಯಾಗಿರುವುದರಿಂದ ಎರಡು ವಾರಕ್ಕೆ ಸಾಕಾಗುವಷ್ಟೇ ಮಾಡಬೇಕು. ಆದರೆ ಒಂದು ಎಚ್ಚರ ಅವಶ್ಯ. ಅಗ್ಗಕ್ಕೆ ಸಿಕ್ಕಿತೆಂದು ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಶೇಂಗಾ ತರಬೇಡಿರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿಯೇ ಕಾರಣವೆಂದು ತಿಳಿಯಿತು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಅದು ಯಕೃತ್ತಿಗೆ ಹಾನಿಕರ, ಹುರಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಶೇಂಗಾ ಆರಿಸುವ ಕೆಲಸವನ್ನು ಚಿಕ್ಕ ಮಕ್ಕಳಿಗೆ ಕೊಟ್ಟರೂ, ಕೊನೆಗೆ ಹಿರಿಯರೊಬ್ಬರು ಕಣ್ಣಾಡಿಸಲೇಬೇಕು.

ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ ಇದೇ ರೀತಿ ಆಗುತ್ತವೆ. ಐದನೆಯ ವರ್ಗದಲ್ಲಿ ಒಮ್ಮೆ ನಾವು ಒಂದು ಮುಷ್ಟಿ ಗುರೆಳ್ಳು ತೋರಿಸಿ ಇದೇನೆಂದು ಕೇಳಿದಾಗ, ಹೆಚ್ಚಿನ ಮಕ್ಕಳು 'ಕಾರಳ' ಎಂದರು. ಅಗಸಿಗೆ 'ಜವಸ' ಎಂದರು. ತಪ್ಪಲ್ಲ, ಅಂಗಡಿಯ ಚೀಟಿಯ ಮೇಲೆ ಹಾಗೆಯೇ ಇರುತ್ತದೆ. ಮರಾಠಿಯ ಹೆಸರು ತಿಳಿದಿರಲೇಬೇಕು. ಆದರೆ ಅಜ್ಜಿ ಮನೆಯಲ್ಲಿ ಕುಟ್ಟುವಾಗ ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಮಾತ್ರ ಎರಡೂ ಹೆಸರು ಹೇಳಿದರು ಎಂಬುದನ್ನು ನಾವು ಗಮನಿಸಿದೆವು.

ಈಗ ಹಿಟ್ಟುಗಳು. ನೀರು ಕಲಸಿದರೆ ಸಾಕು, ಅಡಿಗೆ ಸಿದ್ಧ ಎಂದು ಪೇಟೆಯಲ್ಲಿ ಬಣ್ಣದ ಪೆಟ್ಟಿಗೆಗಳು ಬಂದಿವೆ. ಆ ಸೌಕರ್ಯವು ನಮ್ಮಲ್ಲಿ ಮೊದಲೇ ಇತ್ತು. ಅದರ ಹೆಸರು ಭಾಜಣಿ. ಜೋಳ ಅರ್ಧ ಕಿಲೋ, ಸಜ್ಜೆ ಅರ್ಧ ಕಿಲೋ, ಅಕ್ಕಿ, ಗೋದಿ, ಕಡಲೆಬೇಳೆ ಕಾಲು ಕಾಲು ಕಿಲೋ, ಉದ್ದಿನಬೇಳೆ 125 ಗ್ರಾಮು, ಹವೀಜ 50 ಗ್ರಾಮು, ಜೀರಿಗೆ 25 ಗ್ರಾಮು. ಎಲ್ಲವನ್ನೂ ಬೇರೆ ಬೇರೆ ಹುರಿದು, ಆರಿಸಿ, ಗಿರಣಿಯಲ್ಲಿ ಬೀಸಿಸಿದರೆ ಸುಮಾರು ಎರಡು ಕಿಲೋ ಹಿಟ್ಟು. ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ ನಾದಿ ಹಂಚಿನ ಮೇಲೆ ತಟ್ಟಿದರೆ ಥಾಲಿಪೀಠ. ಶಾಲೆಯಿಂದ ಬಂದ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬುವ ತಿಂಡಿ. ಇಲ್ಲಿ ಹುರಿಯುವುದು ರುಚಿಗಾಗಿ ಮಾತ್ರವಲ್ಲ. ಸಜ್ಜೆಯಲ್ಲಿ ಕೊಬ್ಬಿನ ಅಂಶ ಹೆಚ್ಚು, ಅದನ್ನು ಒಡೆಯುವ ಕಿಣ್ವವೂ ಕಾಳಿನಲ್ಲಿಯೇ ಇದೆ. ಹಸಿ ಸಜ್ಜೆಯನ್ನು ಬೀಸಿದರೆ ಎರಡೂ ಕೂಡಿ ಕೆಲವೇ ದಿನಗಳಲ್ಲಿ ಹಿಟ್ಟು ಕಹಿಯಾಗುತ್ತದೆ. ಬಿಸಿ ತಾಗಿದಾಗ ಆ ಕಿಣ್ವದ ಶಕ್ತಿ ಕುಂದುತ್ತದೆ. ನಮ್ಮ ಅಜ್ಜಿಯರಿಗೆ ಕಿಣ್ವದ ಹೆಸರು ತಿಳಿದಿರಲಿಲ್ಲ. ಹುರಿಯುವುದು ಮಾತ್ರ ತಿಳಿದಿತ್ತು.

ಮೆಂತೆಹಿಟ್ಟು ಇನ್ನೂ ಸುಲಭ. ಕಡಲೆಬೇಳೆ ಒಂದು ಬಟ್ಟಲು, ಉದ್ದಿನಬೇಳೆ ಅರ್ಧ, ಅಕ್ಕಿ ಅರ್ಧ, ಗೋದಿ ಕಾಲು ಬಟ್ಟಲು, ಮೆಂತೆ ಒಂದು ಚಮಚ, ಸ್ವಲ್ಪ ಜೀರಿಗೆ, ಹವೀಜ, ಒಣಶುಂಠಿ, ಅರಿಸಿನ, ಇಂಗು. ಬಿಸಿ ಅನ್ನ-ತುಪ್ಪದೊಡನೆ ಒಂದು ಚಮಚ ಸಾಕು. ಜ್ವರದಿಂದ ಎದ್ದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದನ್ನು ನಾವು ಕಂಡಿಲ್ಲ.

ರವೆ ಇಡ್ಲಿಯ ಪೆಟ್ಟಿಗೆಯನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಈ ತಿಂಡಿಯನ್ನು ಬಳಕೆಗೆ ತಂದರೆಂದು ಹೇಳುತ್ತಾರೆ. ಅಭಾವದಲ್ಲಿ ಹುಟ್ಟಿದ ತಿಂಡಿ ಇಂದು ತುಟ್ಟಿಯ ಪೆಟ್ಟಿಗೆಯಲ್ಲಿ ಬರುವುದು ವಿಚಿತ್ರವೇ ಸರಿ. ತುಪ್ಪದಲ್ಲಿ ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಮಾಡಿ (ಕರಿಬೇವು ಗರಿಗರಿಯಾಗಿ ಒಣಗುವವರೆಗೆ), ಅದರಲ್ಲಿ ರವೆ ಹುರಿದು ಉಪ್ಪು ಕೂಡಿಸಿ ಆರಿಸಿಟ್ಟರೆ ಮೂರು-ನಾಲ್ಕು ವಾರ ಬಾಳುತ್ತದೆ. ಬೇಕಾದ ದಿನ ಒಂದು ಬಟ್ಟಲಿಗೆ ಒಂದು ಬಟ್ಟಲು ಹುಳಿ ಮೊಸರು, ಕಾಲು ಚಮಚ ಅಡಿಗೆ ಸೋಡ. ಮೊಸರಿನ ಹುಳಿಯೂ ಸೋಡವೂ ಕೂಡಿದಾಗ ಇಂಗಾಲದ ಡೈ ಆಕ್ಸೈಡ್ ಅನಿಲ ಹೊರಟು ಹಿಟ್ಟನ್ನು ಉಬ್ಬಿಸುತ್ತದೆ. ಆದುದರಿಂದ ಸೋಡವನ್ನು ಕೊನೆಗೆ ಹಾಕಿ ತಡಮಾಡದೆ ಒಲೆಗೆ ಏರಿಸಬೇಕು.

ಕೇಕಿನ ಬೇಕಿಂಗ್ ಪೌಡರಿನ ಗುಟ್ಟೂ ಇದೇ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯು, ತನ್ನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲವೆಂದು ಇಂಥ ಪುಡಿಯನ್ನು ಮಾಡಿದನು. ಸೋಡ, ಒಣ ಹುಳಿ ಪುಡಿ, ಎರಡರ ನಡುವೆ ತೇವ ಹೀರಲು ಸ್ವಲ್ಪ ಗಂಜಿಹಿಟ್ಟು. ಒಣಗಿರುವ ತನಕ ಸುಮ್ಮನಿರುತ್ತದೆ, ನೀರು ತಾಗಿದೊಡನೆ ಎಚ್ಚರಗೊಳ್ಳುತ್ತದೆ. ಇದನ್ನು ಮನೆಯಲ್ಲಿ ಮಾಡಬಹುದು. ಆದರೆ ಆ ಹುಳಿ ಪುಡಿ ನಮ್ಮೂರ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ತುಟ್ಟಿ. ವರ್ಷಕ್ಕೆ ಎರಡು ಸಲ ಕೇಕು ಮಾಡುವವರು ಸಣ್ಣ ಡಬ್ಬಿ ಕೊಂಡುಕೊಳ್ಳುವುದೇ ಮಿತವ್ಯಯ.

ಎಲ್ಲವನ್ನೂ ಮನೆಯಲ್ಲಿಯೇ ಮಾಡಬೇಕೆಂಬ ಹಟ ನಮಗಿಲ್ಲ. ಇಂಗನ್ನು ಯಾರೂ ಮನೆಯಲ್ಲಿ ಮಾಡಲಾರರು. ಉಪ್ಪಿನ ವಿಷಯದಲ್ಲಂತೂ ಚೀಲದ ಹರಳುಪ್ಪು ಅಗ್ಗವೆಂದು ಹೋಗದೆ ಅಯೋಡೀನ್ ಕೂಡಿಸಿದ ಪೊಟ್ಟಣದ ಉಪ್ಪನ್ನೇ ಬಳಸಿರಿ. ಮಕ್ಕಳ ಬೆಳವಣಿಗೆಗೆ ಅದು ಬೇಕು. ಒಳ್ಳೆಯ ವ್ಯಾಪಾರಿಯ ಹತ್ತಿರ ಕಿಲೋದ ಲೆಕ್ಕದಲ್ಲಿ ಖಾರದ ಪುಡಿ ಕೊಂಡರೆ ಮನೆಯದಕ್ಕೂ ಅದಕ್ಕೂ ಬೆಲೆಯಲ್ಲಿ ಬಹಳ ಅಂತರ ಉಳಿಯದೆ ಇರಬಹುದು. ಹೆಚ್ಚು ಉಳಿತಾಯ ಕಾಣುವುದು ಕೂಡಿಸಿದ ಮಸಾಲೆಗಳಲ್ಲಿ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಹೆಸರುಗಳಿರುತ್ತವೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಉಪ್ಪಿನ ಹೆಸರು ಮೇಲಿನ ಸಾಲಿನಲ್ಲಿಯೇ ಇದ್ದರೆ, ನೀವು ಮಸಾಲೆಯ ಬೆಲೆ ಕೊಟ್ಟು ಉಪ್ಪು ಕೊಳ್ಳುತ್ತಿದ್ದೀರಿ. ಮಕ್ಕಳೆ, ಇದನ್ನು ಓದಿ ಹೇಳುವ ಕೆಲಸ ನಿಮ್ಮದು.

ಬಿಡಿಯಾಗಿ ಮಾರುವ ಪುಡಿಗಳ ಕಲಬೆರಕೆಯನ್ನೂ ಮರೆಯುವಂತಿಲ್ಲ. ಕಾರಖಾನೆಗಳ ಬಳಕೆಗೆ ಸೇರಿದ ಸುಡಾನ್ ಎಂಬ ಕೆಂಪು ಬಣ್ಣ ಖಾರದ ಪುಡಿಯಲ್ಲಿ ಇರುವುದು 2003ರಲ್ಲಿ ಯುರೋಪಿನಲ್ಲಿ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನಾಲ್ಕು ನೂರಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅದೇ ಕಾರಣಕ್ಕೆ ಹಿಂತೆಗೆಯಬೇಕಾಯಿತು. ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಬಣ್ಣ ಬೆರೆಸುವವರೂ ಇದ್ದಾರೆ. ಸೀಸವು ಮಕ್ಕಳ ಮೆದುಳಿಗೆ ಕೇಡು. ಒಂದು ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಖಾರದ ಪುಡಿ ಉದುರಿಸಿ ನೋಡಿರಿ. ಕೂಡಲೇ ಬಣ್ಣದ ಎಳೆಗಳು ಕೆಳಗಿಳಿದರೆ ಕೃತಕ ಬಣ್ಣವೆಂದು ಸಂಶಯಪಡಬೇಕು. ತಳದಲ್ಲಿ ಕೂತದ್ದನ್ನು ಬೆರಳಿನಲ್ಲಿ ಉಜ್ಜಿದಾಗ ಹರಳು ಹರಳಾದರೆ ಇಟ್ಟಿಗೆಯ ಪುಡಿಯೋ ಮರಳೋ ಇದೆ. ಹವೀಜದ ಪುಡಿಯಲ್ಲಿ ಮರದ ಹೊಟ್ಟು ಇದ್ದರೆ ನೀರಿನ ಮೇಲೆ ತೇಲುತ್ತದೆ. ಅರಿಸಿನದ ಕೊಂಬುಗಳನ್ನೇ ತಂದು ಗಿರಣಿಯಲ್ಲಿ ಬೀಸಿಸಿದರೆ ಈ ಸಂಶಯ ಬಹುಮಟ್ಟಿಗೆ ಕಡಮೆಯಾಗುತ್ತದೆ. ಅರಿಸಿನಕ್ಕೆ ಹೆಸರಾದ ಸಾಂಗಲಿ ನಮಗೆ ದೂರವೂ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಹೇಳದೆ ಹೋದರೆ ಅನ್ಯಾಯವಾದೀತು. ಮೇಲಿನ ಲೆಕ್ಕದಲ್ಲಿ ಮೆಣಸಿನಕಾಯಿಯ ಬೆಲೆ ಇದೆ, ಗಿರಣಿಯ ಕೂಲಿ ಇದೆ. ತೊಟ್ಟು ಮುರಿದ, ಹುರಿದ, ಸೋಸಿದ ತಾಯಿಯ ಕೂಲಿ ಇಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ದುಡಿಯುವ ತಾಯಿ ಒಂದು ಮಧ್ಯಾಹ್ನವನ್ನು ಖಾರಕ್ಕೆ ಕೊಟ್ಟರೆ ಆ ದಿನದ ಬೀಡಿ ಕಡಮೆಯಾಗುತ್ತದೆ. ಉಳಿಸಿದ 54 ರೂಪಾಯಿಗಿಂತ ಕಳೆದದ್ದೇ ಹೆಚ್ಚಾದರೆ ಅದು ಉಳಿತಾಯವೆ? ಆದ್ದರಿಂದ ತಂದೆಗಳಲ್ಲಿಯೂ ಗಂಡುಮಕ್ಕಳಲ್ಲಿಯೂ ನಮ್ಮ ಬಿನ್ನಹವಿದೆ. ತೊಟ್ಟು ಮುರಿಯಲು, ಕಾಳು ಆರಿಸಲು, ಗಿರಣಿಗೆ ಹೊತ್ತು ಒಯ್ಯಲು ನಿಮ್ಮ ಕೈ ಬರಲಿ. ನಾವು ನಮ್ಮ ಮನೆಯಲ್ಲಿ ತೊಟ್ಟು ಮುರಿಯುವವರು; ಒಮ್ಮೆ ಮರೆತು ಕಣ್ಣುಜ್ಜಿಕೊಂಡು ಅರ್ಧ ತಾಸು ತಂಬಿಗೆಯ ನೀರಿನೆದುರು ಕುಳಿತದ್ದೂ ಉಂಟು. ಈ ಕೆಲಸವನ್ನು ಮಾಡಿದ ಮೇಲೆ ಕೈಗೆ ಮೊದಲು ಎಣ್ಣೆ ಹಚ್ಚಿ, ಬಳಿಕ ಸಾಬೂನಿನಿಂದ ತೊಳೆಯಬೇಕೆಂಬುದನ್ನು ಆ ದಿನ ಮನೆಯವರಿಂದ ಕಲಿತೆವು.

ಓಣಿ ಓಣಿಯಲ್ಲಿ ಐದಾರು ಮನೆಯವರು ಕೂಡಿದರೆ ಶಾಲೆಯಿಂದ ಆಗುವ ಸಹಾಯ ಇದೆ. ಪ್ರಯೋಗಶಾಲೆಯ ತಕ್ಕಡಿಯು ಪ್ರತಿ ಶನಿವಾರ ಮಧ್ಯಾಹ್ನ ನಿಮಗೆ ದೊರೆಯುವಂತೆ ಮುಖ್ಯಾಧ್ಯಾಪಕರು ಒಪ್ಪಿದ್ದಾರೆ. ಏಳನೆಯ ವರ್ಗದ ಮಕ್ಕಳು ತೂಗಿ, ಹಂಚಿ, ಲೆಕ್ಕ ಬರೆದುಕೊಡುವರು. ಬರುವ ಬೇಸಿಗೆಯ ಖಾರಕ್ಕೆ ಈಗಲೇ ವಾರದ ಹಣ ತೆಗೆದಿಡಲು ಆರಂಭಿಸುವವರು ಇಂದು ಸಭೆ ಮುಗಿದ ಮೇಲೆ ತಮ್ಮ ಓಣಿಯ ಹೆಸರು ಬರೆಸಿ ಹೋಗಬೇಕು. ಪುಡಿ ಹಂಚಿಕೊಳ್ಳಲು ಬರುವಾಗ ಡಬ್ಬಿಗಳನ್ನು ತೊಳೆದು, ಒಂದು ದಿನ ಮೊದಲೇ ಬಿಸಿಲಿಗೆ ಇಟ್ಟು ಒಣಗಿಸಿ ತರಬೇಕು.